ನಕ್ಷೆ ಬೇಡ, ನಕ್ಷೆ ಬರೆಯುವ ಪ್ರೋಗ್ರಾಂ ಕೇಳಿ

ರಾಜ್ಯೋತ್ಸವ ಬಂತೆಂದರೆ ಪೋಸ್ಟರ್ ಕೆಲಸ ನಿಮ್ಮ ತಲೆಗೇ ಬರುತ್ತದೆ. "ನಿನಗೆ ಕಂಪ್ಯೂಟರ್ ಬರುತ್ತಲ್ಲ, ಒಂದು ಕರ್ನಾಟಕದ ನಕ್ಷೆ ಹಾಕಿಬಿಡು" ಅಂತಾರೆ ಸಂಘದ ಅಂಕಲ್. ನೀವು ಚಾಟ್‌ಜಿಪಿಟಿಯನ್ನೋ ಇನ್ನೊಂದನ್ನೋ ಕೇಳುತ್ತೀರಿ, ಎಸ್‌ವಿಜಿ ನಕ್ಷೆ ಕೊಡು ಅಂತ. ತಕ್ಷಣ ಕೊಡುತ್ತದೆ. ತೆರೆದು ನೋಡಿದರೆ ಆಲೂಗಡ್ಡೆ!

ಎಸ್‌ವಿಜಿ ಅಂದರೆ ಫೋಟೋ ಥರ ಚುಕ್ಕೆಗಳ ಚಿತ್ರವಲ್ಲ, ಅದೊಂದು ಬರಹ. ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ ಎಳೆ ಅನ್ನುವ ಸೂಚನೆಗಳು, ಅಂಕಿಗಳು. ಅದಕ್ಕೇ ಎಷ್ಟು ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಬರಹವಾದ್ದರಿಂದ ಎಐ ಭಾಷಾ ಮಾದರಿಗೂ ಅದು ಬರುತ್ತದೆ. ಆದರೆ ಒಂದು ರಾಜ್ಯದ ಗಡಿಗೆ ಸಾವಿರಾರು ಬಿಂದು ಬೇಕು. ಅಷ್ಟನ್ನು ಅದು ನೆನಪಿನಿಂದ ಹೇಳಲಾರದು, ಊಹಿಸಿ ಬರೆಯುತ್ತದೆ. ಬೆಳಗಾವಿಯನ್ನು ಊಹೆಗೆ ಬಿಟ್ಟರೆ ಅಂಕಲ್ ಸುಮ್ಮನಿರುತ್ತಾರಾ?

ಹಾಗಾಗಿ ನಕ್ಷೆ ಕೇಳಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಜಿಲ್ಲಾ ಗಡಿಗಳನ್ನು ಜಿಯೋಜೇಸನ್ ಫೈಲ್ ಆಗಿ ಇಳಿಸಿಕೊಳ್ಳಿ. (ಪೋಸ್ಟರ್ ಮೂಲೆಯಲ್ಲಿ ಅವರ ಹೆಸರು ಹಾಕುವುದು ಕಡ್ಡಾಯ.) ಆಮೇಲೆ, ಈ ಫೈಲ್ ಓದಿ ಎಸ್‌ವಿಜಿ ಮಾಡುವ ಪೈಥಾನ್ ಪ್ರೋಗ್ರಾಂ ಬರೆದುಕೊಡು, ಪ್ರತಿ ಜಿಲ್ಲೆಯೂ ಬೇರೆ ಆಕಾರವಾಗಿರಲಿ ಅನ್ನಿ. ಈ ಕೆಲಸದಲ್ಲಿ ಅದು ಜಾಣ.

ಆದರೂ ಕಣ್ಣು ನಿಮ್ಮದೇ ಇರಲಿ. ಅಕ್ಷಾಂಶ ಉತ್ತರಕ್ಕೆ ಹೋದಷ್ಟೂ ಹೆಚ್ಚುತ್ತದೆ. ಎಸ್‌ವಿಜಿಯಲ್ಲಿ ಲೆಕ್ಕ ಮೇಲಿನಿಂದ ಕೆಳಕ್ಕೆ. ಪ್ರೋಗ್ರಾಂ ಇದನ್ನು ಮರೆತರೆ ಚಾಮರಾಜನಗರ ಮೇಲೆ, ಬೀದರ್ ಕೆಳಗೆ! ಇನ್ನೊಂದು ಪರೀಕ್ಷೆ: ಮಂಗಳೂರು, ಬೆಂಗಳೂರು ಎರಡೂ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ, ನಕ್ಷೆಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರಬೇಕು. ಜಿಲ್ಲೆಗಳನ್ನೂ ಎಣಿಸಿ. 30 ಬಂದರೆ ಫೈಲ್ ಹಳೆಯದು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿ 31 ಆಯಿತು.

ಹೆಸರುಗಳನ್ನು ಕನ್ನಡದಲ್ಲೇ ಹಾಕಿಸಿ. ಎಐ ಬರೆದ ಚಿತ್ರಗಳಲ್ಲಿ ಒತ್ತಕ್ಷರ ಎಷ್ಟೋ ಸಲ ಮುರಿದುಬೀಳುತ್ತದೆ, ನೋಡಿರುತ್ತೀರಿ. ಇಲ್ಲಿ ಅಕ್ಷರ ಅಕ್ಷರವಾಗಿಯೇ ಇರುವುದರಿಂದ 'ಚಿಕ್ಕಬಳ್ಳಾಪುರ' ಸರಿಯಾಗಿಯೇ ಬರುತ್ತದೆ. ಪ್ರಿಂಟ್ ಅಂಗಡಿಯಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಬರೀ ಚೌಕಗಳು ಬಂದಾವು. ಕೊಡುವ ಮೊದಲು ಇಂಕ್‌ಸ್ಕೇಪ್‌ನಲ್ಲಿ ಅಕ್ಷರಗಳನ್ನು ಪಾತ್ ಆಗಿ ಬದಲಿಸಿಕೊಳ್ಳಿ.

ಕೊನೆಗೆ ನಿಮ್ಮ ಅಜ್ಜಿಯ ಊರಿಗೊಂದು ಕೆಂಪು ಚುಕ್ಕೆ ಇಡಿ. ಎಲ್ಲಿದೆ ಅಂತ ಎಐ ಅನ್ನು ಕೇಳಬೇಡಿ. ಕರ್ನಾಟಕದಲ್ಲಿ ಹೊಸಹಳ್ಳಿಗಳು ಲೆಕ್ಕವಿಲ್ಲದಷ್ಟು. ಯಾವ ತಾಲ್ಲೂಕಿನ ಹೊಸಹಳ್ಳಿ ಅನ್ನುವುದನ್ನು ಫೋನ್ ಮಾಡಿ ಅಜ್ಜಿಯನ್ನೇ ಕೇಳಿ.