ಕಲ್ಲು ಮತ್ತು ಕಾಗದ

(ಅಣ್ಣಿಗೇರಿಯಲ್ಲಿ ಗಿರಣಿ ಕೂಲಿಕಾರರು ಹಾಗೂ ಸಣ್ಣ ವ್ಯಾಪಾರಸ್ಥರು ಕೂಡಿದ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಹೋದ ಆದಿತ್ಯವಾರ ನಾವು ಹದಿನಾಲ್ಕು ಜನ ಧಾರವಾಡಕ್ಕೆ ಹೋಗಿ ಬಂದ ಸುದ್ದಿ ನಿಮಗೆಲ್ಲ ಮುಟ್ಟಿದೆ. ಸಂಘದ ಸಭೆಗೆಂದು ಹೋದವರು ಪಾರ್ಕಿನಲ್ಲಿ ತಿರುಗಾಡಿ ಬಂದರೆಂದು ಕೆಲವರು ನಕ್ಕದ್ದೂ ನನಗೆ ಮುಟ್ಟಿದೆ. "ಮಾಸ್ತರು ಸಾಲಿ ಬಿಟ್ಟರೂ ಮಂದೀನ ಸಾಲು ಹಚ್ಚಿ ಕರಕೊಂಡು ಹೋಗೋದು ಬಿಡಲಿಲ್ಲ" ಎಂದು ನಮ್ಮ ಕಿರಾಣಿ ಅಂಗಡಿಯ ಅಣ್ಣನವರೇ ಅಂದರಂತೆ. ಅವರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೂ ಸೇರಿಸಿಯೇ ಈ ಮಾತು.

ಸಭೆ ಹನ್ನೆರಡು ಗಂಟೆಗೇ ಮುಗಿಯಿತು. ತಿರುಗಿ ಬರುವ ಗಾಡಿಗೆ ಇನ್ನೂ ಹೊತ್ತಿತ್ತು. ಬುತ್ತಿ ಬಿಚ್ಚಲು ನೆರಳು ಬೇಕೆಂದು ಕಿತ್ತೂರ ಚೆನ್ನಮ್ಮನ ಹೆಸರಿನ ಪಾರ್ಕಿನ ಕಡೆ ನಡೆದೆವು. ಕಾರ್ಗಿಲ್ ಸ್ತೂಪ ಇರುವುದು ಅಲ್ಲಿಯೇ. ರೊಟ್ಟಿ ತಿಂದು ಕೈ ತೊಳೆದು ಎಲ್ಲರೂ ಅದರ ಮುಂದೆ ಹೋಗಿ ನಿಂತೆವು. ನಮ್ಮ ಜೊತೆಗೆ ಜಿನ್ನಿನಲ್ಲಿ ಹತ್ತಿ ಆರಿಸುವ ಒಬ್ಬ ಅವ್ವ ಬಂದಿದ್ದಳು. ಅವಳು ಚಪ್ಪಲಿ ಕಳೆದು, ಸೆರಗು ಹೊದ್ದು, ಕೈ ಮುಗಿದು ಆಮೇಲೆ ನನ್ನನ್ನು ಕೇಳಿದಳು:

"ಇಲ್ಲೆ ಯಾರನ್ನ ಮಣ್ಣು ಮಾಡ್ಯಾರರೀ ಮಾಸ್ತರ?"

"ಯಾರನ್ನೂ ಇಲ್ಲವ್ವಾ. ಸತ್ತವರು ದೂರ ಕಾಶ್ಮೀರದ ಗುಡ್ಡದಾಗ ಸತ್ತಾರ. ಇದು ನೆನಪಿಗೆ."

"ಹಂಗಾರ ಅವರ ಮನಿ ಮಂದಿ ಎಲ್ಲಿ ಹೋಗಿ ಅಳಬೇಕ್ರಿ?"

ನನಗೆ ಉತ್ತರ ತಿಳಿಯಲಿಲ್ಲ. ಹನ್ನೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. 1999ನೆಯ ಇಸವಿ ಮೇ ತಿಂಗಳಿನಿಂದ ಜುಲೈ 26ರ ವರೆಗೆ ಕಾರ್ಗಿಲ್ ಕಾಳಗ ನಡೆಯಿತು, ನಮ್ಮ ಕಡೆ 527 ಜನ ಸೈನಿಕರು ಮಡಿದರು ಎಂಬುದು ನನಗೆ ಬಾಯಿಪಾಠ. ಆ ಅವ್ವ ಲೆಕ್ಕ ಕೇಳಿರಲಿಲ್ಲ. ಗಾಡಿಯಲ್ಲಿ ಬರುವಾಗ ಅವಳ ಮಾತೇ ತಲೆಯಲ್ಲಿ ತಿರುಗಿತು. ಅದರ ಉತ್ತರ ಹುಡುಕುತ್ತ ಹೋದಲ್ಲಿ ಸಿಕ್ಕದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಮಾತು. ಲ್ಯಾನ್ಸ್ ನಾಯಕ ಹನಮಂತಪ್ಪ ಕೊಪ್ಪದ ಅವರ ಹೆಸರು ಕೇಳದವರು ಈ ಸಭೆಯಲ್ಲಿ ಯಾರೂ ಇರಲಿಕ್ಕಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ದಲ್ಲಿ, 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಹತ್ತು ಜನ ಹೂತುಹೋದರು. ಹೆಚ್ಚಿನವರು ಮದ್ರಾಸ್ ರೆಜಿಮೆಂಟಿನ 19ನೆಯ ಪಡೆಯವರು. ಆರನೆಯ ದಿನ, ಹೆಣ ತೆಗೆಯಬೇಕೆಂದು ಅಗೆಯುತ್ತಿದ್ದವರಿಗೆ ಹನಮಂತಪ್ಪ ಜೀವಂತ ಸಿಕ್ಕರು. ಅಂಥ ಚಳಿಯಲ್ಲಿ ಮನುಷ್ಯನು ಆರು ದಿನ ಉಸಿರು ಹಿಡಿದಿದ್ದಾನೆಂದರೆ ಇಡೀ ದೇಶ ದೇವರ ಮುಂದೆ ದೀಪ ಹಚ್ಚಿತು. ಫೆಬ್ರುವರಿ 11ರಂದು ದಿಲ್ಲಿಯ ಮಿಲ್ಟ್ರಿ ದವಾಖಾನೆಯಲ್ಲಿ ಅವರು ತೀರಿಕೊಂಡರು. ವಯಸ್ಸು 33. ಹುಬ್ಬಳ್ಳಿಯಲ್ಲಿ ಜನ ಸಾಲುಗಟ್ಟಿ ದರ್ಶನ ಪಡೆದ ಮೇಲೆ ಬೆಟದೂರಿನಲ್ಲಿ ಸರಕಾರೀ ಗೌರವದೊಡನೆ ಮಣ್ಣಾದರು.

ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಆದರೆ ಆಗ ಲಷ್ಕರದವರೇ ಹೊರಗಿಟ್ಟ ವಿವರವನ್ನು ನಾವು ಓದಿ ಮರೆತಿದ್ದೇವೆ. ಈ ಮನುಷ್ಯ ಹುಡುಗನಿದ್ದಾಗ ಸಾಲಿಗೆ ದಿನಾಲು ಆರು ಕಿಲೋಮೀಟರು ನಡೆಯುತ್ತಿದ್ದ. ಭರತಿಗೆ ಹೋದಾಗ ಮೂರು ಸಲ ಬೇಡವೆನ್ನಿಸಿಕೊಂಡು ತಿರುಗಿ ಬಂದ. ಕೊನೆಗೆ 2002ರ ಅಕ್ಟೋಬರಿನಲ್ಲಿ ಸೇರಿದ. ಹದಿಮೂರು ವರ್ಷದ ನೌಕರಿಯಲ್ಲಿ ಹತ್ತು ವರ್ಷ ಕಾಶ್ಮೀರ, ಈಶಾನ್ಯದ ಕಾಡು, ಕಡೆಗೆ ಸಿಯಾಚಿನ್ ಎಂದು ಗಂಡಾಂತರದ ಸ್ಥಳಗಳಲ್ಲೇ ಕಳೆದ. ಆತನನ್ನು ಕೊಂದದ್ದು ವೈರಿಯ ಗುಂಡಲ್ಲ. 1984ರಿಂದ ನಮ್ಮ ಸೈನ್ಯ ಆ ಹಿಮದ ಮೇಲೆ ಕುಳಿತಿದೆ. ಅಲ್ಲಿ ಗುಂಡಿಗಿಂತ ಚಳಿ ಮತ್ತು ಹಿಮವೇ ಹೆಚ್ಚು ಜನರನ್ನು ತಿಂದಿವೆ. ಆಚೆ ಕಡೆಯ ಪಾಕಿಸ್ತಾನದ ಸೈನಿಕರ ಗತಿಯೂ ಅದೇ. 2012ರಲ್ಲಿ ಅವರ ಒಂದು ಠಾಣೆಯ ಮೇಲೆ ಹಿಮ ಬಿದ್ದು ಒಂದೇ ದಿನ ನೂರಕ್ಕೂ ಹೆಚ್ಚು ಜನ ಹೂತುಹೋದರು.

ಮೂರು ಸಲ ಬೇಡವೆಂದರೂ ನಾಲ್ಕನೆಯ ಸಲ ಯಾಕೆ ಹೋದ? ದೇಶದ ಮೇಲಿನ ಪ್ರೀತಿ ಎನ್ನುವಿರಿ, ಅಹುದು. ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಿ ಹೊಲದ ಒಣ ಬೇಸಾಯದ ಮನೆಯಲ್ಲಿ ಹುಟ್ಟಿದ ಹುಡುಗನಿಗೆ ತಿಂಗಳ ಪಗಾರದ ಬಾಗಿಲು ಎಷ್ಟು ಇವೆ ಎಂಬುದನ್ನೂ ಲೆಕ್ಕ ಹಾಕಿರಿ. ದೊಡ್ಡ ಸಾವಕಾರರ ಮನೆಯ ಹುಡುಗರು ಎಷ್ಟು ಜನ ಆ ಸಾಲಿನಲ್ಲಿ ನಿಂತಿದ್ದನ್ನು ನೀವು ಕಂಡಿದ್ದೀರಿ?

ಇನ್ನು ಕಲ್ಲಿನ ವಿಚಾರ. ಸತ್ತ ವೀರನಿಗೆ ಕಲ್ಲು ನಿಲ್ಲಿಸುವುದನ್ನು ಇಂಗ್ರೇಜರು ಬಂದು ನಮಗೆ ಕಲಿಸಲಿಲ್ಲ. ನಮ್ಮ ಊರುಗಳಲ್ಲಿ ಹನುಮಪ್ಪನ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಸನ್ನಿಧಿ, ತುದಿಗೆ ಸೂರ್ಯ ಚಂದ್ರರು. ಅವರಲ್ಲಿ ಎಷ್ಟೋ ಜನ ರಾಜರಿಗಾಗಿ ಸತ್ತವರಲ್ಲ. ಊರ ದನಗಳನ್ನು ಹೊಡೆದುಕೊಂಡು ಹೋಗುವವರ ಬೆನ್ನಟ್ಟಿ ಸತ್ತವರು, ಹೆಣ್ಣುಮಕ್ಕಳ ಕೂಗು ಕೇಳಿ ಓಡಿಹೋಗಿ ಸತ್ತವರು. ಇಂಥ ಒಂದು ಕಲ್ಲಿನ ಮೇಲೆ ನಾನು ಹುಡುಗನಿದ್ದಾಗ ಅರಿವೆ ಒಗೆಯುವುದನ್ನು ನೋಡಿದ್ದೇನೆ. ಒಗೆದವರ ತಪ್ಪಿಲ್ಲ, ಅದರ ಮೇಲಿನ ಅಕ್ಷರ ಓದಿ ಹೇಳುವವರು ಯಾರೂ ಇರಲಿಲ್ಲ.

ಆದರೆ ಹಳೆಯ ಕಾಲದವರು ಬರೀ ಕಲ್ಲು ನಿಲ್ಲಿಸಿ ಮನೆಗೆ ಹೋಗಲಿಲ್ಲ, ಇದನ್ನು ಲಕ್ಷ್ಯಗೊಟ್ಟು ಕೇಳಿರಿ. ಸತ್ತವನ ಮನೆತನಕ್ಕೆ ಭೂಮಿ ಕೊಡುತ್ತಿದ್ದರು. ಅದಕ್ಕೆ ಕಲ್ನಾಡು ಎಂದು ಹೆಸರು, ನೆತ್ತರುಗೊಡಗೆ ಎಂದೂ ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ. ಬೆಂಗಳೂರಿನ ಮ್ಯೂಝಿಯಮ್ಮಿನಲ್ಲಿ ಬೇಗೂರಿನ ದೊಡ್ಡ ವೀರಗಲ್ಲು ಇದೆ. ಸುಮಾರು ಹನ್ನೊಂದು ನೂರು ವರ್ಷ ಹಿಂದಿನದು. ನಾಗತ್ತರನೆಂಬ ನಾಯಕನು ತುಂಬೆಪಾಡಿಯ ಕಾಳಗದಲ್ಲಿ ಸತ್ತದ್ದು, ಆಮೇಲೆ ಇರುಗನೆಂಬವನಿಗೆ ಬೇಗೂರು ಮೊದಲಾದ ಹನ್ನೆರಡು ಹಳ್ಳಿಗಳನ್ನು ಕಲ್ನಾಡಾಗಿ ಕೊಟ್ಟದ್ದು ಎರಡೂ ಒಂದೇ ಕಲ್ಲಿನ ಮೇಲೆ ಕೊರೆದಿವೆ. ನಾಯಕನ ಮನೆತನಕ್ಕೆ ಹನ್ನೆರಡು ಹಳ್ಳಿ, ಬಡವನಿಗೆ ಒಂದು ಚೂರು ಗದ್ದೆ. ಆ ಅಂತರ ಆಗಲೂ ಇತ್ತು, ನಾನು ಆ ಕಾಲವನ್ನು ಹೊಗಳಲು ನಿಂತಿಲ್ಲ. ಆದರೆ ಸಾವು ಮತ್ತು ಸಂಸಾರ ಎರಡನ್ನೂ ಒಂದೇ ಕಲ್ಲಿನ ಮೇಲೆ ಬರೆಯುವ ಬುದ್ಧಿ ಅವರಿಗಿತ್ತು. ಅಂಗಡಿಕಾರ ಬಂಧುಗಳಿಗೆ ಇದು ಬೇಗ ತಿಳಿಯುತ್ತದೆ. ನಾವೀಗ ಜಮೆಯನ್ನು ಕಲ್ಲಿನ ಮೇಲೆ ಬರೆಯುತ್ತೇವೆ, ಬಾಕಿಯನ್ನು ಕಾಗದದ ಮೇಲೆ. ಕಲ್ಲು ಎಲ್ಲರಿಗೂ ಕಾಣುತ್ತದೆ, ಕಾಗದ ಯಾವ ಕಪಾಟಿನಲ್ಲಿದೆಯೋ ಯಾರಿಗೂ ತಿಳಿಯದು.

ಇಂಗ್ರೇಜರ ಕಲ್ಲಿನದೂ ಒಂದು ಕತೆಯಿದೆ. ಮೊದಲ ಮಹಾಯುದ್ಧದಲ್ಲಿ ಸತ್ತವರ ಗೋರಿಗಳನ್ನು ನೋಡಿಕೊಳ್ಳಲು ಅವರು 1917ರಲ್ಲಿ ಒಂದು ಆಯೋಗ ಮಾಡಿದರು. ಸಾವಿನಲ್ಲಿ ಎಲ್ಲರೂ ಸಮಾನರು, ಜನರಲ್ಲನಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಎಂಬುದು ಅದರ ನಿಯಮ. ಕೇಳಲು ಎಷ್ಟು ಚೆಂದ! ಇರಾಕಿನ ಬಸರಾದಲ್ಲಿ ಒಂದು ಸ್ಮಾರಕ ಕಟ್ಟಿದರು. ಅಲ್ಲಿ ಬಿಳಿಯ ಸಿಪಾಯಿಗಳ ಹೆಸರು ಕೊರೆದರು, ಹಿಂದುಸ್ತಾನದ ಅಧಿಕಾರಿಗಳ ಹೆಸರು ಕೊರೆದರು, ನಮ್ಮ ಸಾದಾ ಸಿಪಾಯಿಗಳನ್ನು ಮಾತ್ರ ಪಡೆಯ ಹೆಸರಿನ ಕೆಳಗೆ ಇಂತಿಷ್ಟು ಜನ ಎಂದು ಬರೀ ಅಂಕಿಯಲ್ಲಿ ಮುಗಿಸಿದರು. ಗಿರಣಿಯ ಹಾಜರಿ ಪುಸ್ತಕದಲ್ಲಿ ಬದಲಿ ಕೂಲಿಗಳನ್ನು ಎಣಿಸಿದ ಹಾಗೆ. ಈ ತಪ್ಪನ್ನು ಆ ಆಯೋಗವೇ 2021ರಲ್ಲಿ ಒಪ್ಪಿ ಕ್ಷಮೆ ಕೇಳಿತು. ನೂರು ವರ್ಷ ಬೇಕಾಯಿತು. ದಿಲ್ಲಿಯಲ್ಲಿ 2019ರ ಫೆಬ್ರುವರಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಮಡಿದ 25 ಸಾವಿರಕ್ಕೂ ಹೆಚ್ಚು ಜನರ ಹೆಸರುಗಳನ್ನು ಕೊರೆದಿದ್ದಾರೆ, ಸಿಪಾಯಿಯದೂ ಇದೆ, ಅಧಿಕಾರಿಯದೂ ಇದೆ. ಒಳ್ಳೆಯ ಕೆಲಸವನ್ನು ಒಳ್ಳೆಯದೆನ್ನಲು ನಮಗೆ ಸಂಕೋಚವಿಲ್ಲ.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇದನ್ನು ಹೇಳದೆ ಉಳಿದದ್ದನ್ನು ಹೇಳಿದರೆ ಅದು ವೇಷವಾದೀತು.

ನಾನು ಒಂದು ಹಳ್ಳಿಯ ಸಾಲಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ಒಂದು ದಿನ ಒಬ್ಬ ಹೆಣ್ಣುಮಗಳು ಬಂದಳು. ಕಂಕುಳಲ್ಲಿ ಕೂಸು. ಅವಳು ಅದೇ ಸಾಲಿಯಲ್ಲಿ ಕಲಿತವಳು. ಗಂಡ ಲಷ್ಕರದಲ್ಲಿದ್ದು ಗಡಿಯ ಕಡೆ ತೀರಿಕೊಂಡಿದ್ದ. ನಮ್ಮ ಕಡೆ ಲಗ್ನದಲ್ಲಿ ಹೆಣ್ಣಿನ ಹೆಸರು ಬದಲು ಮಾಡುವುದು ನಿಮಗೆ ಗೊತ್ತೇ ಇದೆ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು. ಗಂಡ ತನ್ನ ಪಡೆಯ ಕಾಗದದಲ್ಲಿ ಮನೆಯಲ್ಲಿ ಕರೆಯುವ ಹೊಸ ಹೆಸರು ಬರೆಸಿದ್ದ. ಸಾಲಿಯ ದಾಖಲೆಯಲ್ಲಿ, ಆಧಾರ ಕಾರ್ಡಿನಲ್ಲಿ ತವರಿನ ಹೆಸರು. ಇಬ್ಬರೂ ಒಬ್ಬಳೇ ಎಂಬುದಕ್ಕೆ ಪುರಾವೆ ತಾ ಎಂದು ಒಂದು ಕಚೇರಿಯವರು ಕಳಿಸಿದ್ದರು. ಪೆನ್ಶನ್ ಅಲ್ಲಿಗೆ ನಿಂತಿತ್ತು.

ಅವಳು ಕೇಳಿದ್ದು ರಜಿಸ್ಟರಿನ ಒಂದು ಉತಾರೆ. ಹತ್ತು ನಿಮಿಷದ ಕೆಲಸ. ಕಪಾಟಿನ ಕೀಲಿ ಹೆಡ್ ಮಾಸ್ತರರ ಹತ್ತಿರ ಇತ್ತು, ಅವರು ಊರಿಗೆ ಹೋಗಿದ್ದರು. ನಾನು "ನಾಳೆ ಬಾ ತಂಗಿ" ಎಂದೆ. ಮರುದಿನ ಬಂದಳು. ಅಂದು ಆಗಸ್ಟ್ ಹದಿನೈದರ ತಾಲೀಮು. ಹುಡುಗರಿಗೆ ವೀರ ಜವಾನನ ಮೇಲೆ ಒಂದು ನಾಟಕ ಕಲಿಸುತ್ತಿದ್ದೆ. "ಹಬ್ಬ ಮುಗಿದ ಮೇಲೆ ಬಾ" ಎಂದೆ. ಅವಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನಾಟಕ ನೋಡಿದಳು. ಹುಡುಗನೊಬ್ಬ ಕಟ್ಟಿಗೆಯ ಬಂದೂಕು ಹಿಡಿದು ಸತ್ತು ಬೀಳುತ್ತಿದ್ದ. ಅದನ್ನು ನೋಡಿ ಹೊರಟುಹೋದಳು. ಮೂರನೆಯ ಸಲ ಬಂದಾಗ ಕಾಗದ ಕೊಟ್ಟೆ. ಮೂರು ದಿನದ ಕೂಲಿ, ಮೂರು ಸಲ ಬಸ್ಸಿನ ಹಾದಿ. ಅವಳು ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು. ಮಾಸ್ತರಿಕೆ ಬಿಟ್ಟು ಪಕ್ಷದ ಕೆಲಸಕ್ಕೆ ಇಳಿಯಲು ಕಾರಣಗಳು ಬೇರೆಯೂ ಇದ್ದವು, ಆದರೆ ಆ ಬಾಗಿಲಲ್ಲಿ ನಿಂತ ಹೆಣ್ಣುಮಗಳು ಈಗಲೂ ನನ್ನ ಕಣ್ಣ ಮುಂದೆ ಇದ್ದಾಳೆ. ಧಾರವಾಡದ ಪಾರ್ಕಿನಲ್ಲಿ ನಮ್ಮ ಅವ್ವ ಆ ಪ್ರಶ್ನೆ ಕೇಳಿದಾಗ ನನಗೆ ನೆನಪಾದವಳು ಅವಳೇ. ಎಲ್ಲಿ ಹೋಗಿ ಅಳಬೇಕು? ನಮ್ಮ ಸಾಲಿಯ ಬಾಗಿಲಿಗೆ ಬಂದಿದ್ದಳು. ನಾನು ನಾಳೆ ಬಾ ಎಂದೆ.

ನವಲಗುಂದದಲ್ಲಿ ಇನ್ನೊಂದು ಕಲ್ಲು ಇದೆ. ಅದು ಸೈನಿಕನದಲ್ಲ, ರೈತನದು. ಮಲಪ್ರಭೆಯ ನೀರು ಹೊಲಕ್ಕೆ ಬಾರದೆಯೇ ಅಭಿವೃದ್ಧಿ ಕರ ಕೇಳಿದಾಗ ರೈತರು ಎದ್ದರು. 1980ರ ಜುಲೈ 21ರಂದು ಗೋಲೀಬಾರಿನಲ್ಲಿ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಆ ಗಲಭೆಯಲ್ಲಿ ಪೊಲೀಸರೂ ಸತ್ತರು, ಅವರೂ ಬಡವರ ಮಕ್ಕಳೇ, ಅದನ್ನು ಮುಚ್ಚಿಡಬಾರದು. ಪ್ರತಿ ವರ್ಷ ಆ ದಿನ ರೈತರು ಬಂದು ಮಾಲೆ ಹಾಕುತ್ತಾರೆ. ಜುಲೈ 21ಕ್ಕೆ ಅಲ್ಲಿ ಮಾಲೆ, ಜುಲೈ 26ಕ್ಕೆ ಧಾರವಾಡದಲ್ಲಿ ಮಾಲೆ. ನಡುವೆ ಐದೇ ದಿನ. 1965ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಗಳು ಜವಾನ, ಕಿಸಾನ ಎಂದು ಎರಡೂ ಹೆಸರು ಒಂದೇ ಉಸಿರಿನಲ್ಲಿ ಕೂಗಿಸಿದರು. ಇವರು ಎರಡು ಜಾತಿಯ ಮನುಷ್ಯರೇನು? ಒಂದೇ ಮನೆಯಲ್ಲಿ ಅಣ್ಣ ರಂಟೆ ಹೊಡೆಯುತ್ತಾನೆ, ತಮ್ಮ ಬಂದೂಕು ಹಿಡಿಯುತ್ತಾನೆ.

ಈಗ ಆ ತಮ್ಮನ ಮಾತು. ಮುಂಜಾನೆ ಐದಕ್ಕೆ ರಾತ್ರಿ ಪಾಳಿ ಬಿಟ್ಟು ಬರುವವರು ಗದಗ ರಸ್ತೆಯಲ್ಲಿ ಹುಡುಗರು ಓಡುವುದನ್ನು ನೋಡುತ್ತೀರಿ. ಭರತಿಗೆ ತಯಾರಿ. 2022ರ ಜೂನ್‌ದಲ್ಲಿ ಅಗ್ನಿಪಥವೆಂಬ ಯೋಜನೆ ತಂದರು. ಅದು ಬಂದಾಗಿನ ಕರಾರು ಹೀಗಿದೆ: ನಾಲ್ಕು ವರ್ಷದ ನೌಕರಿ, ನೂರರಲ್ಲಿ ಇಪ್ಪತ್ತೈದು ಜನರನ್ನು ಮಾತ್ರ ಮುಂದೆ ಇಟ್ಟುಕೊಳ್ಳುವುದು, ಉಳಿದವರಿಗೆ ಸುಮಾರು 11 ಲಕ್ಷ 71 ಸಾವಿರ ರೂಪಾಯಿಯ ಸೇವಾನಿಧಿ, ಪೆನ್ಶನ್ ಇಲ್ಲ. ನೌಕರಿಯಲ್ಲಿ ಸತ್ತರೆ 48 ಲಕ್ಷದ ವಿಮೆ, ಕರ್ತವ್ಯದ ಮೇಲೆ ಸತ್ತರೆ ಮೇಲೆ 44 ಲಕ್ಷ. ಹೆಂಡತಿಗೆ, ತಾಯಿಗೆ ತಿಂಗಳ ಪೆನ್ಶನ್ ಮಾತ್ರ ಇಲ್ಲ.

ನಮ್ಮ ಕಿರಾಣಿ ಅಣ್ಣನವರು ನನಗೆ ಹೇಳಿದ್ದರು, "ಇಡುಗಂಟು ಕೈಗೆ ಬಂದರ ಚಲೋ ಅಲ್ಲೇನ್ರೀ ಮಾಸ್ತರ, ಪೆನ್ಶನ್ನಿನಂಗ ಚೂರು ಚೂರು ಯಾಕ?" ಅಣ್ಣನವರೇ, ನಿಮ್ಮ ಉದ್ರಿ ಪುಸ್ತಕವನ್ನೇ ಸಾಕ್ಷಿಗೆ ಕರೆಯುತ್ತೇನೆ. ಯಾವ ಮನೆಗೆ ನೀವು ಧೈರ್ಯದಿಂದ ತಿಂಗಳ ಉದ್ರಿ ಕೊಡುತ್ತೀರಿ? ಒಂದು ಸಲ ಹೊಲ ಮಾರಿ ಗಂಟು ಕಂಡ ಮನೆಗೋ, ಒಂದನೇ ತಾರೀಖಿಗೆ ಪಗಾರ ಬರುವ ಮನೆಗೋ? ಗಂಟು ಬಂದ ವಾರಕ್ಕೆ ಮೈದುನ, ಮಾವ, ಹಳೇ ಸಾಲದವರು, ಬೋರು ಹೊಡೆಸೋಣ ಎನ್ನುವವರು ಎಲ್ಲರೂ ಹೊಚ್ಚಲು ಹತ್ತುತ್ತಾರೆ. ಇಪ್ಪತ್ತೆರಡು ವರ್ಷದ ಸೊಸೆಯ ಕೈಯಲ್ಲಿ ಅದು ಎಷ್ಟು ದಿನ ಉಳಿದೀತು? ಆ ಇಡುಗಂಟು ಬೇಡವೆಂದು ನಾನು ಹೇಳುವುದಿಲ್ಲ, ಅದೂ ಬರಲಿ. ಆದರೆ ಒಂದೇ ಹಿಮದ ಕೆಳಗೆ ಇಬ್ಬರು ಸತ್ತರೆ ಹಳೆಯ ಭರತಿಯವನ ಮನೆಗೆ ಪೆನ್ಶನ್, ಹೊಸ ಭರತಿಯವನ ಮನೆಗೆ ಇಲ್ಲ ಎಂಬುದು ಯಾವ ನ್ಯಾಯ? ಕಲ್ಲಿನ ಮೇಲೆ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಬರುತ್ತದೆ.

ಓಡುವ ಹುಡುಗರಿಗೆ ನಾನು ಓಡಬೇಡಿರೆಂದು ಹೇಳಿಲ್ಲ. ಹೇಳುವ ಹಕ್ಕು ನನಗಿಲ್ಲ. ಅವರಿಗೆ ಬೇರೆ ಯಾವ ಬಾಗಿಲು ತೋರಿಸಲಿ? ಕರಾರನ್ನು ಓದಿ ಸಹಿ ಮಾಡಿರಿ ಎಂದಷ್ಟೇ ಹೇಳಿದ್ದೇನೆ. ಓದಲು ಕುಳಿತರೆ ನಾನೂ ಜೊತೆಗೆ ಕೂಡುತ್ತೇನೆ.

ಬರುವ ಬುಧವಾರ ಸಂಜೆ ಆರು ಗಂಟೆಗೆ ಸಂಘದ ಕೋಣೆಯಲ್ಲಿ ನಾವು ನಾಲ್ಕು ಜನ ಕೂಡುತ್ತೇವೆ. ಯಾರ ಮನೆಯಲ್ಲಿ ಲಷ್ಕರದಲ್ಲಿದ್ದು ಸತ್ತವರ ಕಾಗದ ನಿಂತಿದೆಯೋ, ಹೆಸರಿನದೋ ಹುಟ್ಟಿದ ತಾರೀಖಿನದೋ ತಕರಾರು ಇದೆಯೋ, ಅವರು ಆಧಾರ ಕಾರ್ಡು, ಸಾಲಿಯ ಉತಾರೆ, ಲಗ್ನದ ಪತ್ರಿಕೆ, ಏನು ಸಿಕ್ಕರೆ ಅದು ತರಲಿ. ಲಗ್ನದ ಪತ್ರಿಕೆ ಮುಖ್ಯ, ಅದರಲ್ಲಿ ಎರಡೂ ಹೆಸರು ಇದ್ದರೆ ಅರ್ಧ ಕೆಲಸ ಆದಂತೆ. ಅರ್ಜಿ ಬರೆಯುವುದು ನನಗೆ ಬಿಡಿರಿ, ಅಕ್ಷರ ಇನ್ನೂ ಚೆನ್ನಾಗಿದೆ. ಜೆರಾಕ್ಸಿನ ಖರ್ಚು ಕಿರಾಣಿ ಅಣ್ಣನವರದು, ಈಗ ತಲೆ ಅಲ್ಲಾಡಿಸಿದ್ದನ್ನು ಎಲ್ಲರೂ ನೋಡಿದ್ದೀರಿ. ಗುರುವಾರ ನಾನು ಆ ಕಾಗದಗಳನ್ನು ಹಿಡಿದು ಧಾರವಾಡಕ್ಕೆ ಹೋಗುವವನು. ಜೊತೆಗೆ ಬರುವವರು ಬುತ್ತಿ ಕಟ್ಟಿಕೊಂಡು ಬರಲಿ. ರಾತ್ರಿ ಪಾಳಿಯವರಿಗೆ ಹೊತ್ತಾಯಿತು, ಅವರು ಏಳಲಿ.