ಧರ್ಮಗುರುವಿನ ದಿನಚರಿ



ನಂಬಿಕೆ ಮತ್ತು ಸೇವೆಯನ್ನು ಕುರಿತು ಚರ್ಚಿಸಲು ರಾಮನಗರದಲ್ಲಿ ಸೇರಿದ್ದೇವೆ. ನಾನು ಮಾತು ಶುರು ಮಾಡುವುದು ಸೈನ್ಯದಿಂದ. ನಮ್ಮ ಭೂಸೇನೆಯಲ್ಲಿ ಧರ್ಮಗುರು ಎಂಬ ಹುದ್ದೆಯಿದೆ. ಜವಾನರ ಧರ್ಮಕ್ಕೆ ತಕ್ಕಂತೆ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷುಗಳನ್ನು ನಾಯಬ್ ಸುಬೇದಾರ್ ದರ್ಜೆಯಲ್ಲಿ ನೇಮಿಸಿಕೊಳ್ಳುತ್ತಾರೆ. ಅವರ ಕರ್ತವ್ಯಗಳ ಪಟ್ಟಿ ನೋಡಿದರೆ ಪೂಜೆ, ಪ್ರವಚನದ ಮಾತು ಬೇಗ ಮುಗಿದುಹೋಗುತ್ತದೆ. ಆಸ್ಪತ್ರೆಯಲ್ಲಿ ಮಲಗಿದವನನ್ನು ಕಂಡು ಬರಬೇಕು, ಶಿಕ್ಷೆಗೆ ಒಳಗಾದ ಸೈನಿಕನನ್ನು ಮಾತಾಡಿಸಬೇಕು, ಸತ್ತವನ ಅಂತ್ಯಕ್ರಿಯೆಗೆ ನಿಲ್ಲಬೇಕು, ಮಕ್ಕಳಿಗೆ ಧರ್ಮಪಾಠ ಹೇಳಬೇಕು. ಹೆಚ್ಚಿನದೆಲ್ಲ ಮನುಷ್ಯರ ಬಳಿಗೆ ಹೋಗುವ ಕೆಲಸವೇ.

ಈ ಪಟ್ಟಿ ಓದಿದಾಗ ನನಗೆ ನೆನಪಾದವರು ನಮ್ಮ ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ. 1907ರ ಏಪ್ರಿಲ್ 1ರಂದು ಹೊನ್ನೇಗೌಡ, ಗಂಗಮ್ಮ ದಂಪತಿಯ ಕೊನೆಯ ಮಗನಾಗಿ ಹುಟ್ಟಿದವರು, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡವರು. ನಾಗವಲ್ಲಿಯ ಅಕ್ಕನ ಮನೆಯಲ್ಲಿದ್ದು ಓದಿ, ಮೆಟ್ರಿಕ್ ಮುಗಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದರು. 1930ರಲ್ಲಿ ಸಿದ್ಧಗಂಗಾ ಮಠದ ಉತ್ತರಾಧಿಕಾರಿಯಾಗಬೇಕಿದ್ದ ಗೆಳೆಯ ಮರುಳಾರಾಧ್ಯರು ತೀರಿಕೊಂಡರು. ಅಂತಿಮ ದರ್ಶನಕ್ಕೆಂದು ಹೋದ ಶಿವಣ್ಣನ ಮೇಲೆ ಮಠಾಧಿಪತಿ ಉದ್ದಾನ ಶಿವಯೋಗಿಗಳ ಕಣ್ಣು ಬಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಸನ್ಯಾಸ. ಮುಂದಿನ ಶಿವಕುಮಾರ ಸ್ವಾಮೀಜಿಯವರನ್ನು ನೀವೆಲ್ಲ ಬಲ್ಲಿರಿ.

1941ರಲ್ಲಿ ಮಠದ ಹೊಣೆ ಹೆಗಲಿಗೆ ಬಂತು. ಸೈನ್ಯದ ಧರ್ಮಗುರುವಿಗೆ ಆದೇಶವಿದೆ, ರೇಷನ್ ಇದೆ, ನಿವೃತ್ತಿಯ ದಿನವಿದೆ. ಇವರಿಗೆ ಆ ಮೂರೂ ಇರಲಿಲ್ಲ. ಮಠದಲ್ಲಿ ಬೆಳಗ್ಗೆ ಎದ್ದ ಮಕ್ಕಳಿಗೆ ಅನ್ನ ಬೇಕು, ಅಷ್ಟೇ ಗೊತ್ತು. ಕಾಳು ಸಾಲದಾದಾಗ ಊರೂರು ಸುತ್ತಿ ಭಿಕ್ಷೆ ತಂದರು. ರೈತರು ಸುಗ್ಗಿಯಾದ ಮೇಲೆ ರಾಗಿ ಕೊಟ್ಟರು. ಅದೇ ರಾಗಿ ಮುದ್ದೆಯಾಗಿ ಪಂಕ್ತಿಗೆ ಬಂತು. ಯಾವ ಜಾತಿ, ಯಾವ ಮತ ಎಂದು ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಮೂರನ್ನೂ ಉಚಿತವಾಗಿ ಕೊಟ್ಟ ದಾಸೋಹ ಇಂದಿಗೂ ನಡೆದಿದೆ. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಬಂದವು. ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

2019ರ ಜನವರಿ 21ರಂದು ಹೇಳಲೇಬೇಕಾದ ಒಂದು ಸಂಗತಿ ನಡೆಯಿತು. ಅಂದು ಬೆಳಗ್ಗೆ ಹನ್ನೊಂದೂಮುಕ್ಕಾಲರ ಹೊತ್ತಿಗೆ ಸ್ವಾಮೀಜಿ ಲಿಂಗೈಕ್ಯರಾದರು. ಸುದ್ದಿಯನ್ನು ತಕ್ಷಣ ಹೊರಗೆ ಬಿಡಲಿಲ್ಲ. ಮಕ್ಕಳ ಮಧ್ಯಾಹ್ನದ ಊಟವಾಗುವ ತನಕ ಹೇಳಬಾರದು ಎಂಬುದು ಅವರದೇ ಇಚ್ಛೆಯಾಗಿತ್ತು. ತಟ್ಟೆಯ ಮುಂದೆ ಕೂತ ಮಗು ಉಣ್ಣದೆ ಎದ್ದುಬಿಟ್ಟೀತು ಎಂದು ಅವರಿಗೆ ಗೊತ್ತಿತ್ತು. ತೀರಿಕೊಂಡ ದಿನವೂ ಮಠದ ಪಂಕ್ತಿ ತಪ್ಪಬಾರದೆಂದು ಯೋಚಿಸಿದ್ದ ಗುರು ಇವರು. ನನ್ನ ಮಟ್ಟಿಗೆ ಅವರ ಅಧ್ಯಾತ್ಮವನ್ನು ಅರಿಯಲು ಇದಕ್ಕಿಂತ ದೊಡ್ಡ ಆಧಾರ ಬೇಡ.

ನೂರಹನ್ನೊಂದು ವರ್ಷ ಬದುಕಿದರು ಎಂದು ನಾವು ಬೆರಗಾಗುತ್ತೇವೆ. ಬೆರಗು ಸಹಜ. ಆದರೆ ಆಯಸ್ಸು ಅವರ ಸಾಧನೆಯಲ್ಲ. ಎಪ್ಪತ್ತೆಂಟು ವರ್ಷ ಒಲೆ ಆರದಂತೆ ನೋಡಿಕೊಂಡದ್ದು ಸಾಧನೆ. ‘ನಡೆದಾಡುವ ದೇವರು’ ಎಂದು ಕೈಮುಗಿಯುವ ಭರದಲ್ಲಿ ಆ ನಿತ್ಯದ ದುಡಿಮೆಯನ್ನು ನಾವು ಓದದೆ ಬಿಟ್ಟಿದ್ದೇವೆ. ಇದೇ ರಾಮನಗರ ತಾಲ್ಲೂಕಿನ ಬಾನಂದೂರಿನಲ್ಲಿ ಹುಟ್ಟಿ ಆದಿಚುಂಚನಗಿರಿ ಮಠವನ್ನು ಕಟ್ಟಿ ಬೆಳೆಸಿದ ಬಾಲಗಂಗಾಧರನಾಥ ಸ್ವಾಮೀಜಿಯವರ ವಿಷಯದಲ್ಲೂ ನಾವು ಮಾಡಿರುವುದು ಇಷ್ಟೇ. ಸ್ತುತಿ ಬೇಕಾದಷ್ಟಿದೆ, ಅಧ್ಯಯನ ಸಾಲದು.

ಆದ್ದರಿಂದ ಎರಡು ದಿನದ ಈ ಗೋಷ್ಠಿಯಲ್ಲಿ ಪವಾಡದ ಕಥೆಗಳು ಕಡಿಮೆ ಇರಲಿ. ರಾಗಿ ಯಾವ ಊರಿನಿಂದ ಬಂತು, ಅಡುಗೆಮನೆಯಲ್ಲಿ ದುಡಿದವರು ಯಾರು, ಅಲ್ಲಿ ಉಂಡು ಓದಿದ ಹುಡುಗ ಊರಿಗೆ ಮರಳಿ ಏನು ಮಾಡಿದ, ಇದನ್ನು ಕೇಳೋಣ. ಮಾಗಡಿ, ಕನಕಪುರ, ಚನ್ನಪಟ್ಟಣದ ಹಳ್ಳಿಗಳಲ್ಲಿ ಮಠದಲ್ಲಿ ಓದಿದ ಹಿರಿಯರು ಇನ್ನೂ ಇದ್ದಾರೆ, ಸೈನ್ಯದಿಂದ ನಿವೃತ್ತರಾಗಿ ಬಂದವರೂ ಇದ್ದಾರೆ. ಯುವ ಸಂಶೋಧಕರೆ, ಗೋಷ್ಠಿ ಮುಗಿದ ಮರುದಿನವೇ ಅವರ ಜಗಲಿಗೆ ಹೋಗಿ ಕೂತು ಅವರ ಮಾತನ್ನು ಬರೆದುಕೊಳ್ಳಿ.