ಚುಕ್ಕೆ ಮತ್ತು ಚೌಕ

ಈ ಶಾಲೆಯಲ್ಲಿ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡಲು ಕಲಿತೆ. ಈಗ ಕಂಪ್ಯೂಟರ್ ನಕ್ಷೆಯ ಮೇಲೆ ಇಡುತ್ತೇನೆ.

2000ನೇ ಇಸವಿಯ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಅಳೆದ ನೆಲದ ಎತ್ತರ ಇಂದು ಸುಮಾರು 30 ಮೀಟರ್ ಚೌಕಗಳ ನಕ್ಷೆಯಾಗಿ ಉಚಿತವಾಗಿ ಸಿಗುತ್ತದೆ. ಕೆರೆಗೆ ನೀರು ತರುವ ಕಾಲುವೆಯುದ್ದಕ್ಕೂ ಚುಕ್ಕೆ ಇಟ್ಟರೆ, ಕ್ಯೂಜಿಐಎಸ್ ತಂತ್ರಾಂಶ ಪ್ರತಿ ಚುಕ್ಕೆ ಬಿದ್ದ ಚೌಕದ ಎತ್ತರವನ್ನು ಪಟ್ಟಿ ಮಾಡಿಕೊಡುತ್ತದೆ.

ಆದರೆ ಅದು ಚೌಕದ ಎತ್ತರ, ಚುಕ್ಕೆಯದಲ್ಲ. ಒಂದೇ ಚೌಕದಲ್ಲಿ ಬದುವೂ ಹಳ್ಳವೂ ಇದ್ದರೆ ಎರಡಕ್ಕೂ ಒಂದೇ ಅಂಕಿ. ತೋಪಿದ್ದಲ್ಲಿ ಮರಗಳ ಎತ್ತರವೂ ಸೇರಿಕೊಳ್ಳುತ್ತದೆ. ಅಂಕಿ ಕೆಲವು ಮೀಟರ್ ಆಚೀಚೆ ಆಗಬಹುದು. ಕಾಲುವೆಗೆ ಒಂದು ಗೇಣೂ ಮುಖ್ಯ.

ಮಕ್ಕಳೇ, ನಕ್ಷೆ ನೋಡಿ ದಾರಿ ಹುಡುಕಿ. ಗುದ್ದಲಿ ಹಾಕುವ ಮೊದಲು ನೀರಿನ ಹಾದಿ ಬಲ್ಲ ಹಿರಿಯರನ್ನು ಕೇಳಿ, ಲೆವೆಲ್ ಹಿಡಿದು ನೆಲ ಅಳೆಯಿರಿ.